ನೆತ್ತಿಯ ಮೇಲಿನ ಮೂಲೆಗಳು

ನಮ್ಮೂರು ಅಂದೋಲಾದಲ್ಲಿ ರಾಶಿ ಮುಗಿದ ಮೇಲಿನ ದಿನಗಳಲ್ಲಿ ಬೆಳಿಗ್ಗೆ ಏಳರ ತನಕ ಎಲೆ ಅಲುಗುವುದಿಲ್ಲ. ತೊಗರಿ ಕಟಾವಾಗಿ, ಬಿಳಿಜೋಳ ಮನೆ ಸೇರಿ, ಎರಿ ಹೊಲಗಳು ಬಿರುಕುಬಿಟ್ಟು ಮಲಗಿರುತ್ತವೆ. ಆ ಬಿರುಕಿನಲ್ಲಿ ಆಟದ ವಿಮಾನದ ಗಾಲಿ ಸಿಕ್ಕಿದರೆ ಪ್ರೊಪೆಲ್ಲರ್ ಮುರಿದೇ ಮುರಿಯುತ್ತದೆ. ಹಾಗಾಗಿ ನಾನು ರಜೆಗೆ ಊರಿಗೆ ಹೋದಾಗ ಹಾರಿಸುತ್ತಿದ್ದದ್ದು ಶಾಲೆಯ ಮೈದಾನದಲ್ಲಿ. ಸುತ್ತ 40 ಮೀಟರ್ ಅಗಲದ ಬಯಲು ಬೇಕು. ಹತ್ತಿರದಲ್ಲಿ ಕರೆಂಟಿನ ತಂತಿ ಇರಬಾರದು. ಲೋಹದ ತಂತಿ ಹಿಡಿದು ಆಡುವ ಆಟ ಇದು, ಕಂಬದ ತಂತಿಗೆ ತಾಗಿದರೆ ಮುಂದಿನ ಮಾತೇ ಇಲ್ಲ. ಮೊದಲ ದಿನವೇ ಎಂಜಿನ್ನಿನ ಕಿರುಚಾಟಕ್ಕೆ ಅರ್ಧ ಊರು ಬಂದು ನಿಂತಿತ್ತು. ಎತ್ತು ಕಟ್ಟಿ ವಯಸ್ಸು ಕಳೆದ ನಮ್ಮ ಕಾಕಾ ಸ್ವಲ್ಪ ಹೊತ್ತು ನೋಡಿ, "ನೀ ಮೇಟಿ ಆಗಿ ನಿಂತೀದಿ, ಅದು ಹಂತಿ ಎತ್ತಿನಂಗ ತಿರಗಲತ್ತದ" ಅಂದರು. ಆಮೇಲೆ ಕೇಳಿದರು: "ಇಷ್ಟೆಲ್ಲ ಆಟದಾಗ ಭಾಳ ತ್ರಾಸಿಂದು ಯಾವ್ದಪಾ?"

ಈ ಪ್ರಶ್ನೆಗೆ ನಿಯಮದ ಪುಸ್ತಕ ಒಂದು ಉತ್ತರ ಕೊಡುತ್ತದೆ, ಹಾರಿಸುವವನ ಕೈ ಇನ್ನೊಂದು ಕೊಡುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ಕಾಕಾನ ಹೋಲಿಕೆಗಿಂತ ಒಳ್ಳೆಯ ಪರಿಚಯ ಈ ಆಟಕ್ಕೆ ಸಿಗುವುದು ಕಷ್ಟ. ಕಣದ ನಡುವೆ ಮೇಟಿ, ಅದಕ್ಕೆ ಕಟ್ಟಿದ ಹಗ್ಗ, ಹಗ್ಗದ ತುದಿಯಲ್ಲಿ ಸುತ್ತುವ ಎತ್ತು. ಕಂಟ್ರೋಲ್ ಲೈನ್ ಹಾರಾಟದಲ್ಲಿ ಮೇಟಿಯ ಜಾಗದಲ್ಲಿ ಮನುಷ್ಯ. ಅವನ ಕೈಯಲ್ಲೊಂದು ಹಿಡಿ, ಹಿಡಿಯ ಮೇಲ್ತುದಿಯಿಂದ ಒಂದು, ಕೆಳತುದಿಯಿಂದ ಒಂದು ಸಣ್ಣ ಉಕ್ಕಿನ ತಂತಿ. ಎರಡೂ ವಿಮಾನದ ಎಡ ರೆಕ್ಕೆಯ ತುದಿಯಿಂದ ಒಳಹೊಕ್ಕು ಬೆಲ್‌ಕ್ರ್ಯಾಂಕ್ ಎಂಬ ತಿರುಗುಪಟ್ಟಿಗೆ ಸೇರುತ್ತವೆ. ಮಣಿಕಟ್ಟು ಹಿಂದಕ್ಕೆ ಬಾಗಿಸಿದರೆ ಬಾಲದ ಎಲಿವೇಟರ್ ಮೇಲೇಳುತ್ತದೆ, ವಿಮಾನ ಮೂತಿ ಎತ್ತುತ್ತದೆ. ಮುಂದಕ್ಕೆ ಬಾಗಿಸಿದರೆ ಮೂತಿ ಇಳಿಸುತ್ತದೆ. ಇಷ್ಟೇ. ವೇಗ ಹೆಚ್ಚು ಕಡಿಮೆ ಮಾಡುವ ಸನ್ನೆ ಇಲ್ಲ, ಎಡ ಬಲ ತಿರುಗಿಸುವ ಸನ್ನೆ ಇಲ್ಲ. ಮುಂದೆ ಹೇಳುವ ಚೌಕ, ತ್ರಿಕೋನ, ಎಂಟು, ಎಲೆ ಎಲ್ಲವೂ ಒಂದು ಮಣಿಕಟ್ಟಿನ ಒಂದೇ ಬಗೆಯ ಚಲನೆಯಿಂದ ಹುಟ್ಟುವಂಥವು. ಆದರೆ ಮೇಟಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಎತ್ತಿಗೆ ನೆಲವೇ ಗತಿ. ವಿಮಾನಕ್ಕೆ ತಂತಿಯ ಉದ್ದದಷ್ಟು ಅರ್ಧಗೋಲವೇ ಕಣ. ಬೋರಲು ಹಾಕಿದ ಬೋಗುಣಿಯ ಒಳಮೈಗೆ ಅಂಟಿದ ಇರುವೆಯಂತೆ ಅದು ಎಲ್ಲಿ ಬೇಕಾದರೂ ಹೋಗಬಹುದು, ಬೋಗುಣಿ ಬಿಟ್ಟು ಹೊರಗೆ ಮಾತ್ರ ಹೋಗಲಾರದು.

ಈ ಆಟವನ್ನು ಜಗತ್ತಿಗೆ ಹಬ್ಬಿಸಿದವನು ಅಮೆರಿಕದ ಓರೆಗಾನ್ ರಾಜ್ಯದ ಜಿಮ್ ವಾಕರ್. 1940ರ ಸುಮಾರಿಗೆ 'ಯು-ಕಂಟ್ರೋಲ್' ಹೆಸರಿನಲ್ಲಿ, 'ಫೈರ್‌ಬಾಲ್' ಎಂಬ ಮಾದರಿಯ ಜೊತೆ ಮಾರುಕಟ್ಟೆಗೆ ತಂದ. ಪೇಟೆಂಟನ್ನೂ ಪಡೆದ. ಆದರೆ ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ ಎಂಬಾತ ಅವನಿಗಿಂತ ಮೊದಲೇ ಇಂಥ ವಿಮಾನ ಹಾರಿಸಿದ್ದನೆಂಬುದು 1950ರ ದಶಕದ ಮೊಕದ್ದಮೆಯಲ್ಲಿ ಹೊರಬಂದು ಪೇಟೆಂಟು ಬಿದ್ದುಹೋಯಿತು. ವಾಕರನಿಗೆ ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು, ತಲೆಗೆ ಕಟ್ಟಿಕೊಂಡ ಹಿಡಿಯಿಂದ ಇನ್ನೊಂದು ಎಂದು ಒಟ್ಟಿಗೆ ಮೂರು ವಿಮಾನ ಹಾರಿಸುವ ಹುಚ್ಚಿತ್ತು. ಕಷ್ಟದ ಪ್ರಶ್ನೆ ಬಂದಾಗ ಜನ ಮೊದಲು ನೆನೆಯುವುದು ಇಂಥ ಸಾಹಸವನ್ನೇ. ನನ್ನ ಪ್ರಕಾರ ಅದು ಜಾತ್ರೆಯ ಆಟ. ಒಂದೇ ವಿಮಾನದಲ್ಲಿ ಒಂದು ನೆಟ್ಟಗಿನ ಚೌಕ ಬರೆಯುವುದು ಅದಕ್ಕಿಂತ ಕಷ್ಟ.

ನಮ್ಮ ಕಡೆಯ ಹುಡುಗರಿಗೆ ಈ ಆಟ ಸಿಗುವ ದಾರಿ ಮುಖ್ಯವಾಗಿ ಎನ್‌ಸಿಸಿಯ ವಾಯುದಳ. ಅಖಿಲ ಭಾರತ ವಾಯು ಸೈನಿಕ ಶಿಬಿರದ ಸ್ಪರ್ಧೆಗಳಲ್ಲಿ ಏರೋಮಾಡೆಲಿಂಗ್ ಒಂದು. ಕಂಟ್ರೋಲ್ ಲೈನ್ ಅದರ ಹಳೆಯ ಅಂಗ. ಹಲವು ವರ್ಷ ಆ ಶಿಬಿರ ನಡೆದದ್ದು ಬೆಂಗಳೂರಿನ ಜಕ್ಕೂರಿನಲ್ಲಿ, ಜಯಚಾಮರಾಜ ಒಡೆಯರ್ ಕೊಟ್ಟ ನೆಲದಲ್ಲಿ ಎದ್ದ ವೈಮಾನಿಕ ಶಾಲೆಯ ಅಂಗಳದಲ್ಲಿ. ನಾನು ಹಿಡಿ ಹಿಡಿಯಲು ಕಲಿತದ್ದೂ ಎನ್‌ಸಿಸಿಯಲ್ಲೇ: ಬಾಲ್ಸಾ ಹಲಗೆಯ ಒಂದು ಟ್ರೇನರ್, ಕಲ್ಕತ್ತೆಯಲ್ಲಿ ತಯಾರಾದ ಅರೋರಾ ಡೀಸೆಲ್ ಎಂಜಿನ್, ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಇಂಧನ. ಆ ವಾಸನೆ ಅಂಗಿಯಿಂದ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ನಿಜವಾದ ವಿಮಾನದ ಕಸರತ್ತು ನೋಡಬೇಕೆಂದರೆ ನಮ್ಮ ಭಾಗದವರಿಗೆ ಬೀದರ್ ದೂರವಲ್ಲ. 1996ರಲ್ಲಿ ಸೂರ್ಯಕಿರಣ್ ತಂಡ ಹುಟ್ಟಿದ್ದು ಅಲ್ಲೇ, ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳಲ್ಲಿ. ಈಗ ಹಾಕ್ ವಿಮಾನಗಳಲ್ಲಿ ಹಾರುತ್ತಾರೆ. ಅವರ ಲೂಪು ಕಿಲೋಮೀಟರಿನ ಲೆಕ್ಕದ್ದು, ನಮ್ಮದು ಮಾರಿನ ಲೆಕ್ಕದ್ದು. ಆದರೆ ಮೂಲೆ ತಿರುಗುವ ವಿಷಯದಲ್ಲಿ ಅವರು ಕನಸಲ್ಲೂ ಮಾಡಲಾಗದ್ದನ್ನು ಈ ಆಟಿಕೆ ಮಾಡುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟದ ಪಟ್ಟಿಯಲ್ಲಿ ಈ ಕ್ರೀಡೆಯ ಹೆಸರು ಎಫ್-2-ಬಿ. ತಂತಿ 15ರಿಂದ 21.5 ಮೀಟರ್. ಏಳು ನಿಮಿಷದೊಳಗೆ ನಿಗದಿಯಾದ ಕ್ರಮದಲ್ಲೇ ಎಲ್ಲವನ್ನೂ ಮುಗಿಸಬೇಕು: ಮೇಲೇರುವುದು, ನೆತ್ತಿ ದಾಟಿ ಬೋರಲಾಗುವ ರಿವರ್ಸ್ ವಿಂಗ್‌ಓವರ್, ಮೂರು ಒಳಲೂಪು (ಮೂತಿ ಎತ್ತಿ ಹೊಡೆಯುವ ದುಂಡು ಸುತ್ತು), ಎರಡು ಸುತ್ತು ಬೋರಲು ಹಾರಾಟ, ಮೂರು ಹೊರಲೂಪು (ಮೂತಿ ಇಳಿಸಿ ಹೊಡೆಯುವುದು), ಒಳಚೌಕ, ಹೊರಚೌಕ, ತ್ರಿಕೋನ, ಅಡ್ಡ ಎಂಟು, ಚೌಕದ ಅಡ್ಡ ಎಂಟು, ನಿಂತ ಎಂಟು, ಮರಳು ಗಡಿಯಾರ, ನೆತ್ತಿಯ ಎಂಟು, ನಾಲ್ಕೆಲೆ, ಇಳಿಯುವುದು. (ಎಂಟು ಅಂದರೆ ಇಂಗ್ಲಿಷಿನ 8. ನಮ್ಮ ೮ನ್ನು ಆಕಾಶದಲ್ಲಿ ಬರೆಯಹೋದರೆ ವಿಮಾನ ನೆಲಕ್ಕೆ ಬರುತ್ತದೆ.) ತೀರ್ಪುಗಾರ ಪ್ರತಿಯೊಂದಕ್ಕೂ ಹತ್ತರೊಳಗೆ ಅಂಕ ಕೊಡುತ್ತಾನೆ, ಅದನ್ನು ಆ ಕಸರತ್ತಿನ ಕಷ್ಟದ ಗುಣಕದಿಂದ ಗುಣಿಸುತ್ತಾರೆ. ಲೂಪಿಗೆ 6, ಚೌಕಕ್ಕೆ 12, ತ್ರಿಕೋನಕ್ಕೆ 14. ಚೌಕದ ಅಡ್ಡ ಎಂಟಿಗೆ 18, ಪಟ್ಟಿಯಲ್ಲೇ ದೊಡ್ಡದು. ಮರಳು ಗಡಿಯಾರಕ್ಕೂ ನೆತ್ತಿಯ ಎಂಟಿಗೂ ತಲಾ 10.

ಪುಸ್ತಕದ ಉತ್ತರ ಹಾಗಾದರೆ ಸ್ಪಷ್ಟ: ಚೌಕದ ಎಂಟು. ಆ 18 ಎಲ್ಲಿಂದ ಬಂತೆಂದು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಬೋಗುಣಿಯ ಗಣಿತ. ಚೌಕದ ತಳದ ಗೆರೆ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ತಲೆಯ ಗೆರೆ 45 ಡಿಗ್ರಿ ಏರಿನಲ್ಲಿ. ಬಗ್ಗಿದ ಮೈಯ ಮೇಲೆ ಬರೆದ ಚೌಕ ನಿಜಕ್ಕೂ ಚೌಕವಲ್ಲ. ನೆಟ್ಟಗೆ ಮೇಲೇರುವ ಎರಡು ಗೆರೆಗಳೂ ನೆತ್ತಿಯತ್ತ ಹೋಗಿ ಕೂಡಲು ಹವಣಿಸುತ್ತವೆ, ಹಾಗಾಗಿ ಮೇಲಿನ ಅಂಚು ಕೆಳಗಿನದಕ್ಕಿಂತ ಗಿಡ್ಡ. ಇನ್ನೂ ಒಂದು ಮೋಸವಿದೆ. 45 ಡಿಗ್ರಿಯಲ್ಲಿ ನೆಲಕ್ಕೆ ಸಮನಾಗಿ ಹಾರುವ ವಿಮಾನ ನೋಡುವವರಿಗೆ ನೇರ ಹೋಗುತ್ತಿರುವಂತೆ ಕಾಣುತ್ತದೆ; ಕೈಯ ಲೆಕ್ಕದಲ್ಲಿ ಅದು ನೇರವಲ್ಲ. ಹಿಡಿಯನ್ನು ನಟ್ಟನಡುವೆ ಇಟ್ಟುಬಿಟ್ಟರೆ ಮೂತಿ ತಾನಾಗಿ ಕೆಳಕ್ಕೆ ಸರಿಯುತ್ತದೆ. ನೇರ ಕಾಣಿಸಬೇಕಾದರೆ ಮಣಿಕಟ್ಟನ್ನು ಸದಾ ಒಂದಿಷ್ಟು ಬಾಗಿಸಿಕೊಂಡೇ ಇರಬೇಕು, ವಿಮಾನ ಬೋರಲಾಗಿದ್ದರೆ ಉಲ್ಟಾ ದಿಕ್ಕಿಗೆ.

ಇನ್ನು ಸಮಯ. 20 ಮೀಟರ್ ತಂತಿಯಲ್ಲಿ ಒಂದು ಸುತ್ತಿಗೆ 5.2 ಸೆಕೆಂಡು ಹಿಡಿಯುವ ವಿಮಾನದ ವೇಗ ಸೆಕೆಂಡಿಗೆ ಸುಮಾರು 24 ಮೀಟರ್. ಚೌಕದ ಒಂದು ಬದಿ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ತುಸು ಕಡಿಮೆ, ಅಂದರೆ 14 ಮೀಟರ್ ಚಿಲ್ಲರೆ. ಮೂಲೆಯನ್ನು 5 ಮೀಟರ್ ತ್ರಿಜ್ಯದಲ್ಲಿ ತಿರುಗಿಸಿದನೆಂದು ಇಟ್ಟುಕೊಳ್ಳಿ. ಆ ಬದಿಯ ಎರಡು ಕೊನೆಯ ಎರಡು ಮೂಲೆಗಳೇ ಹತ್ತು ಮೀಟರ್ ತಿಂದುಹಾಕುತ್ತವೆ. ಉಳಿದ ನಾಲ್ಕು ಮೀಟರ್ ನೇರ ಗೆರೆಯನ್ನು ವಿಮಾನ ಸೆಕೆಂಡಿನ ಆರನೇ ಒಂದು ಪಾಲಿನಲ್ಲಿ ದಾಟುತ್ತದೆ. ತೀರ್ಪುಗಾರ 'ನೇರ' ಅನ್ನಬೇಕಾದ್ದು ಅಷ್ಟನ್ನು. ಕಣ್ಣು ನೋಡಿ ಕೈಗೆ ಹೇಳಿ ಕೈ ಬಾಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಹಾಗಾಗಿ ಚೌಕ ಹಾರಿಸುವವನು ವಿಮಾನ ನೋಡಿ ಹಾರಿಸುವುದಿಲ್ಲ, ತಬಲಾದವನು ಲಯ ಹಿಡಿದಂತೆ ಲೆಕ್ಕ ಹಿಡಿದು ಹಾರಿಸುತ್ತಾನೆ. ಚೌಕದ ಎಂಟರಲ್ಲಿ ಇಂಥ ಮೂಲೆಗಳು ಎಂಟು; ಎರಡು ಸಲ ಬರೆಯಬೇಕಾದ್ದರಿಂದ ಹದಿನಾರು. ಅರ್ಧ ಮೂಲೆಗಳು ಮಣಿಕಟ್ಟು ಎಳೆಯುವಂಥವು, ಅರ್ಧ ನೂಕುವಂಥವು. ನಡುವಿನ ನಿಂತ ಗೆರೆ ಎರಡೂ ಚೌಕಕ್ಕೆ ಒಂದೇ. ಎರಡನೇ ಎಂಟಿನಲ್ಲಿ ಆ ಗೆರೆ ಒಂದು ಮೀಟರ್ ಪಕ್ಕಕ್ಕೆ ಹೋದರೂ ತೀರ್ಪುಗಾರನ ಪೆನ್ಸಿಲ್ ಅಲುಗುತ್ತದೆ.

ಮೂಲೆಯ ಭಾರ ಎಷ್ಟು? ಅದೇ 24 ಮೀಟರ್ ವೇಗ, 5 ಮೀಟರ್ ತ್ರಿಜ್ಯ. ಗುಣಿಸಿ ಭಾಗಿಸಿದರೆ ಭೂಮಿಯ ಎಳೆತದ ಹನ್ನೆರಡರಷ್ಟು ಬರುತ್ತದೆ. 1.8 ಕಿಲೋದ ಬಾಲ್ಸಾ, ರೇಷ್ಮೆ ಕಾಗದದ ವಿಮಾನ ಮೂಲೆ ತಿರುಗುವ ಆ ಮೂರನೇ ಒಂದು ಸೆಕೆಂಡು 21 ಕಿಲೋ ತೂಗುತ್ತದೆ. ಬೀದರಿನ ಪೈಲಟ್ಟು ಒತ್ತಡದ ಉಡುಪು ಹಾಕಿಕೊಂಡು, ಹೊಟ್ಟೆ ಬಿಗಿಹಿಡಿದು ತಾಳುವುದು ಎಂಟು, ಒಂಬತ್ತು. ಕನಸಲ್ಲೂ ಅಂದದ್ದು ಇದಕ್ಕೇ. ಈ ಭಾರ ಹೊರಲೆಂದೇ ರೆಕ್ಕೆಗೆ ಫ್ಲ್ಯಾಪ್ ಇರುತ್ತದೆ. ಎಲಿವೇಟರ್ ಮೇಲೆದ್ದರೆ ಫ್ಲ್ಯಾಪ್ ಕೆಳಗೆ, ಎಲಿವೇಟರ್ ಇಳಿದರೆ ಫ್ಲ್ಯಾಪ್ ಮೇಲೆ, ಎರಡೂ ಒಂದೇ ಸನ್ನೆಗೆ ಜೋಡಿಸಿದ್ದು. 1950ರ ದಶಕದಲ್ಲಿ ಜಾರ್ಜ್ ಆಲ್ಡ್ರಿಚ್ ರೂಪಿಸಿದ 'ನೋಬ್ಲರ್', ಬಾಬ್ ಪಾಮರನ 'ಥಂಡರ್‌ಬರ್ಡ್' ಇಂಥ ಫ್ಲ್ಯಾಪಿನ ವಿಮಾನಗಳು. ಇವತ್ತಿನ ಸ್ಪರ್ಧೆಯ ವಿಮಾನಗಳಲ್ಲಿಯೂ ಆ ವಂಶದ ಮೂಗು, ಕಿವಿ ಗುರುತಿಸಬಹುದು.

ಚೌಕದ ಎಂಟಿಗೆ 18 ಕೊಟ್ಟವರು ತಪ್ಪು ಮಾಡಿಲ್ಲ. ಆದರೆ ಗಮನಿಸಿ, ಆ 18 ಅಳೆದದ್ದು ಕೆಲಸದ ಪ್ರಮಾಣವನ್ನು. ಹದಿನಾರು ಮೂಲೆ ಅಂದರೆ ತಪ್ಪಲು ಹದಿನಾರು ಅವಕಾಶ. ಒಂದೊಂದು ಮೂಲೆಯ ಹೊತ್ತಿಗೂ ವಿಮಾನ ಪೂರ್ತಿ ವೇಗದಲ್ಲಿರುತ್ತದೆ, ತಂತಿ ವೀಣೆಯಂತೆ ಬಿಗಿದಿರುತ್ತದೆ, ಕೈ ಹೇಳಿದ್ದು ಬಾಲಕ್ಕೆ ಕೇಳುತ್ತದೆ. ಕಷ್ಟ, ಆದರೆ ನಂಬಿಕಸ್ತ ಕಷ್ಟ. ಅಭ್ಯಾಸಕ್ಕೆ ಒಲಿಯುವಂಥದ್ದು.

ಕಲಿಯುವವರನ್ನು ಕೇಳಿದರೆ ಬೇರೆಯದೇ ಹೇಳುತ್ತಾರೆ: ಬೋರಲು ಹಾರಾಟ. ಗುಣಕ ಬರೀ 2. ಮೇಲೆ ಕೆಳಗೆ ಅದಲುಬದಲಾಗುವ ಆ ಎರಡು ಸುತ್ತುಗಳಲ್ಲಿ ನನ್ನ ಎರಡು ವಿಮಾನ ಮಣ್ಣು ಪಾಲಾದವು. ವಿಮಾನ ಕೆಳಗಿಳಿಯುತ್ತಿದೆ ಎಂದು ಗಾಬರಿಯಿಂದ ಎಳೆದರೆ ಅದು ಇನ್ನೂ ಬೇಗ ಕೆಳಗಿಳಿಯುತ್ತದೆ. ಆದರೆ ಈ ಗೋಡೆ ಒಂದು ಸಲ ದಾಟಿದರೆ ಮುಗಿಯಿತು, ಸೈಕಲ್ಲಿನ ಹಾಗೆ. ತ್ರಿಕೋನವೂ ಹೊರನೋಟಕ್ಕೆ ಸುಲಭ, ಮೂರೇ ಮೂಲೆ. ಆದರೆ 90 ಡಿಗ್ರಿ ತಿರುಗಿ ರೂಢಿಯಾದ ಕೈ 120 ಡಿಗ್ರಿ ತಿರುಗಬೇಕಾದಾಗ ಮೊದಲೇ ನಿಂತುಬಿಡುತ್ತದೆ, ತ್ರಿಕೋನ ಹೋಗಿ ಕಡುಬು ಆಗುತ್ತದೆ. 14 ಸಲ್ಲತಕ್ಕದ್ದೇ. ಅಡ್ಡ ಎಂಟು, ನಿಂತ ಎಂಟು, ನಾಲ್ಕೆಲೆ ಇವುಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಲೂಪು ದುಂಡಗೆ ಬಂದವನಿಗೆ ಇವು ಬರುತ್ತವೆ.

ಈಗ ನೆತ್ತಿಗೆ ಹೋಗೋಣ. ಪುಸ್ತಕ 10 ಕೊಟ್ಟು ಕೈತೊಳೆದುಕೊಂಡ ಜಾಗ ಅದು.

ನೆಲದ ಮಟ್ಟದಲ್ಲಿ ನಮ್ಮ 1.8 ಕಿಲೋ ವಿಮಾನ ತಂತಿಯನ್ನು ಐದು ಕಿಲೋಗೂ ಮಿಕ್ಕ ಬಲದಿಂದ ಎಳೆಯುತ್ತದೆ. ಅಷ್ಟು ಬಿಗಿ ಇದ್ದಾಗ ಮಣಿಕಟ್ಟಿನ ಸಣ್ಣ ಚಲನೆಯೂ ನೇರ ಬಾಲಕ್ಕೆ ತಲುಪುತ್ತದೆ. ವಿಮಾನ ಮೇಲೇರಿದಂತೆ ಎರಡು ಕೆಡುಕು ಒಟ್ಟಿಗೆ ಆಗುತ್ತವೆ. ಏರುವಾಗ ವೇಗ ಇಳಿಯುತ್ತದೆ. ನೆತ್ತಿಯ ಮೇಲೆ ಬಂದಾಗ ವಿಮಾನದ ತೂಕ ತಂತಿಗೆ ಅಡ್ಡವಾಗಿರುವ ಬದಲು ತಂತಿಯ ಗುಂಟ ನಿನ್ನ ಕಡೆಗೇ ಬೀಳುತ್ತದೆ. ವೇಗ 24ರಿಂದ 18ಕ್ಕೆ ಇಳಿಯಿತೆಂದರೆ ಉಳಿಯುವ ಎಳೆತ ಒಂದು ಕಿಲೋ ಚಿಲ್ಲರೆ. 14ಕ್ಕೆ ಇಳಿದರೆ ಸೊನ್ನೆ. ಈ 14 ವಿಮಾನದ ತೂಕ ನೋಡುವುದಿಲ್ಲ. 20 ಮೀಟರ್ ತಂತಿಗೆ ಹಗುರದ್ದಾದರೂ ಭಾರದ್ದಾದರೂ ಅಷ್ಟೇ. ತಂತಿ ಸಡಿಲಾದ ಕ್ಷಣ ನಿನ್ನ ಕೈಯಲ್ಲಿರುವುದು ಹಿಡಿ ಮಾತ್ರ, ವಿಮಾನ ತನ್ನ ಪಾಡಿಗೆ ತಾನು. ಅದು ಬೀಳುವುದಾದರೆ ಬೀಳುವುದು ನಿನ್ನ ತಲೆಯ ಮೇಲೆಯೇ.

ಇದರ ಮೇಲೆ ಗಾಳಿ. ಗಾಳಿ ಬೆನ್ನಿಗೆ ಬೀಸುವಂತೆ ನಿಂತು, ವಿಮಾನ ಮುಂದುಗಡೆ ಇರುವಾಗ ಕಸರತ್ತು ಮಾಡುವುದು ವಾಡಿಕೆ. ಆಗ ಗಾಳಿಯೇ ವಿಮಾನವನ್ನು ಹೊರಕ್ಕೆ ನೂಕಿ ತಂತಿ ಬಿಗಿಯುತ್ತದೆ. ನೆತ್ತಿಯ ಮೇಲೆ ಆ ಉಪಕಾರವೂ ಇಲ್ಲ. ಅಲ್ಲಿ ಗಾಳಿ ತಂತಿಗೆ ಅಡ್ಡ ಬೀಸುತ್ತದೆ, ಎಂಟನ್ನು ಎಂಟಾಗಿರಲು ಬಿಡದೆ ಒಂದು ಪಕ್ಕಕ್ಕೆ ಎಳೆದೊಯ್ಯುತ್ತದೆ. ರಿವರ್ಸ್ ವಿಂಗ್‌ಓವರ್ ಶುರುವಾಗುವುದೇ ಗಾಳಿ ಬರುವ ದಿಕ್ಕಿನಿಂದ. ಅಲ್ಲಿ ಗಾಳಿ ವಿಮಾನವನ್ನು ನಿನ್ನ ಮೇಲೇ ತಳ್ಳುತ್ತದೆ. ಹಾರಾಟದ ಮೊದಲ ಕಸರತ್ತೇ ಅದಾದ್ದರಿಂದ ಜೋರುಗಾಳಿಯ ದಿನ ಎಷ್ಟೋ ಜನರ ಸ್ಪರ್ಧೆ ಅಲ್ಲೇ ಮುಗಿಯುತ್ತದೆ. ನೆತ್ತಿಯ ಎಂಟರಲ್ಲಿ ಇನ್ನೊಂದು ತೊಂದರೆ ಶರೀರದ್ದು. ಕುತ್ತಿಗೆ ಹಿಂದಕ್ಕೆ ಪೂರ್ತಿ ಬಾಗಿದಾಗ ಎಡ ಯಾವುದು, ಬಲ ಯಾವುದು, ಸರಿಯಾಗಿ ನೆತ್ತಿ ಯಾವುದು ಎನ್ನುವುದೇ ತಪ್ಪುತ್ತದೆ. ಪಕ್ಕದಲ್ಲಿ ನಿಂತವನಿಗೆ ನಿನ್ನ ಎಂಟು ಓರೆಯಾದದ್ದು ಕಾಣುತ್ತದೆ, ನಿನಗಲ್ಲ. ಆದರೂ ನೆತ್ತಿಯ ಎಂಟು ದುಂಡಗಿನದು. ದುಂಡು ಅಂದರೆ ಹಿಡಿ ಒಂದೇ ಹದದಲ್ಲಿ ಬಾಗಿರುತ್ತದೆ, ವಿಮಾನ ವೇಗ ಕಳೆದುಕೊಳ್ಳುವುದು ಕಡಿಮೆ. ತಪ್ಪಿದರೆ ತಿದ್ದಲು ಅರ್ಧ ಸುತ್ತಿನ ಅವಕಾಶವುಂಟು.

ನೆತ್ತಿಯ ಮೇಲೆ ಮೂಲೆ ತಿರುಗಿಸು ಅಂದರೆ? ಅದೇ ಮರಳು ಗಡಿಯಾರ. ನಮ್ಮಲ್ಲಿ ಮರಳು ಗಡಿಯಾರ ಕಂಡವರು ಕಡಿಮೆ. ನಾನು ಅದನ್ನು ಡಮರು ಅನ್ನುತ್ತೇನೆ. ಆಕಾರ ಅದೇ: ತಳದಲ್ಲಿ ಒಂದು ತ್ರಿಕೋನ, ಅದರ ಮೇಲೆ ಬೋರಲು ಕೂತ ಇನ್ನೊಂದು, ನಡುವೆ ಸಣ್ಣ ಸೊಂಟ. ವಿಮಾನ ಒಂದೂವರೆ ಮೀಟರ್ ಎತ್ತರದಲ್ಲಿ ಬರುತ್ತದೆ. ಎಳೆದು 120 ಡಿಗ್ರಿ ತಿರುಗಿಸಿದರೆ ಬಂದ ದಿಕ್ಕಿಗೇ ಓರೆಯಾಗಿ ಮೇಲೇರುತ್ತದೆ, 45 ಡಿಗ್ರಿಯ ಸೊಂಟ ದಾಟಿ ನೆತ್ತಿಯತ್ತ ಹೋಗುತ್ತದೆ. ಅಲ್ಲಿ ನೂಕಿ 120 ಡಿಗ್ರಿ; ತಲೆಯ ಮೇಲಿಂದ ಅಡ್ಡ ದಾಟುತ್ತದೆ. ಮತ್ತೆ ನೂಕಿ 120. ಓರೆಯಾಗಿ ನೆಲಕ್ಕೆ ನುಗ್ಗುತ್ತದೆ, ಸೊಂಟದಲ್ಲಿ ಹತ್ತಿದ ಗೆರೆಯನ್ನು ಕತ್ತರಿಸುತ್ತದೆ. ಕೊನೆಗೆ ಎಳೆದು 120, ಮತ್ತೆ ಒಂದೂವರೆ ಮೀಟರಿನಲ್ಲಿ ನೇರ. ಬರೀ ನಾಲ್ಕು ಮೂಲೆ, ಒಂದೇ ಸಲ. ಎರಡನೇ ಸಲ ತಿದ್ದಿಕೊಳ್ಳುವ ಅವಕಾಶವೂ ಇಲ್ಲ.

ಮೇಲಿನ ಎರಡು ಮೂಲೆಗಳನ್ನು ನೋಡಿ. ವಿಮಾನ ಉದ್ದಕ್ಕೂ ಏರಿ ಬಂದಿದೆ, ಹಾರಾಟದಲ್ಲೇ ಅದರ ವೇಗ ಅತಿ ಕಡಿಮೆಯಾದ ಜಾಗ ಇದು. ತಂತಿಯ ಬಿಗಿ ಹೋಗಿದೆ. ಆದರೆ ತಿರುಗಬೇಕಾದ್ದು ಚೌಕದ್ದಕ್ಕಿಂತ ಚೂಪಾದ ಮೂಲೆ. ಚೂಪಾಗಿ ತಿರುಗಿಸಿದಷ್ಟೂ ರೆಕ್ಕೆ ಗಾಳಿಗೆ ಅಡ್ಡಬಿದ್ದು ಇದ್ದ ವೇಗವನ್ನೂ ತಿನ್ನುತ್ತದೆ. ಮೊದಲನೆಯ ಮೂಲೆಯ ಸಾಲವನ್ನು ಎರಡನೆಯದು ತೀರಿಸಬೇಕು. ಇನ್ನೂ ಒಂದು ಸೂಕ್ಷ್ಮ ಇದೆ, ಅದನ್ನು ನಾನು ತಿಳಿದದ್ದು ತಡವಾಗಿ. ಪ್ರೊಪೆಲ್ಲರ್ ಅಂದರೆ ಗಿರ್ರನೆ ತಿರುಗುವ ಬುಗುರಿ. ಬುಗುರಿಯ ಅಕ್ಷ ಒಂದು ಕಡೆ ಬಾಗಿಸಿದರೆ ಅದು ಅಡ್ಡಕ್ಕೆ ಸರಿಯುತ್ತದೆ. ಸಾಮಾನ್ಯ ದಿಕ್ಕಿಗೆ ತಿರುಗುವ ಪ್ರೊಪೆಲ್ಲರಿನ ವಿಮಾನ ಎಳೆಯುವ ಮೂಲೆಯಲ್ಲಿ ಮೂತಿಯನ್ನು ಹೊರಕ್ಕೆ ತಿರುಗಿಸುತ್ತದೆ, ತಂತಿ ಇನ್ನಷ್ಟು ಬಿಗಿಯುತ್ತದೆ. ನೂಕುವ ಮೂಲೆಯಲ್ಲಿ ಮೂತಿಯನ್ನು ಒಳಕ್ಕೆ, ನಿನ್ನ ಕಡೆಗೆ ತಿರುಗಿಸುತ್ತದೆ. ಡಮರುವಿನ ನೆತ್ತಿಯ ಮೂಲೆಗಳೆರಡೂ ನೂಕುವ ಮೂಲೆಗಳು. ತಂತಿ ಸಡಿಲಾಗಬಾರದ ಜಾಗದಲ್ಲೇ ಸಡಿಲು ಮಾಡುವ ಮೂರು ಕಾರಣ ಸೇರಿದಂತಾಯಿತು: ಎತ್ತರ, ನಿಧಾನ, ಬುಗುರಿ. ಅಮೆರಿಕದ ಆಲ್ ರೇಬ್ ಎಂಬ ಹಾರಿಸುವವ ಈ ಕೊನೆಯದಕ್ಕೆ ಮದ್ದು ಹುಡುಕಿ, ಎಲಿವೇಟರಿನ ಜೊತೆ ತಾನೂ ತಿರುಗುವ ಬಾಲದ ರಡ್ಡರ್ ಜೋಡಿಸಿದ. ಇವತ್ತಿಗೂ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಮೂರನೇ ಮೂಲೆ ದಾಟಿದ ಮೇಲೆ ಎಲ್ಲವೂ ತಿರುವುಮುರುವು. ವಿಮಾನ ನೆಲದತ್ತ ಧುಮುಕುತ್ತದೆ, ವೇಗ ಏರುತ್ತದೆ, ಸತ್ತಂತಿದ್ದ ತಂತಿ ಒಮ್ಮೆಲೇ ಜಗ್ಗುತ್ತದೆ. ಮೇಲೆ ದೊಡ್ಡದಾಗಿ ಬಾಗಿಸಿ ರೂಢಿಯಾದ ಕೈಗೆ ಕೆಳಗೆ ಸಣ್ಣದಾಗಿ ಬಾಗಿಸಬೇಕೆಂಬ ನೆನಪು ಬರಲು ಒಂದು ಸೆಕೆಂಡೂ ಇಲ್ಲ. ಒಂದೇ ಚಿತ್ರದೊಳಗೆ ಕೈ ಎರಡು ಬೇರೆ ವಿಮಾನ ಹಾರಿಸಿದ ಹಾಗೆ. ಚೌಕದ ಎಂಟರಲ್ಲಿ ಇದಿಲ್ಲ.

ಇದಕ್ಕೆ ಆಕ್ಷೇಪ ಎತ್ತುವವರಿದ್ದಾರೆ. ಎಂಜಿನ್ ಚೆನ್ನಾಗಿದ್ದರೆ ನೆತ್ತಿಯ ಮೇಲೆ ವೇಗ ಏಕೆ ಇಳಿಯಬೇಕು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. 1949ರಿಂದ ಬಂದ 'ಫಾಕ್ಸ್ 35' ಎಂಜಿನ್ ಹೆಸರಾದದ್ದು ಈ ಗುಣಕ್ಕೇ: ನೇರ ಹಾರುವಾಗ ಗುರುಗುಟ್ಟುತ್ತ ಓಡುತ್ತದೆ, ಮೂತಿ ಎತ್ತಿದೊಡನೆ ಸ್ವರ ಏರಿಸಿ ಶಕ್ತಿ ಕೊಡುತ್ತದೆ. ಕಿವಿ ಇದ್ದವರು ದೂರದಿಂದಲೇ, ವಿಮಾನ ನೋಡದೆ, ಯಾವ ಕಸರತ್ತು ನಡೆದಿದೆಯೆಂದು ಹೇಳಬಲ್ಲರು. ಈಗ ವಿದ್ಯುತ್ ಮೋಟಾರು ಬಂದು ಹರಳೆಣ್ಣೆ ವಾಸನೆ ಕಡಿಮೆಯಾಗಿದೆ. ಸ್ಲೊವಾಕಿಯಾದ ಇಗೋರ್ ಬರ್ಗರನಂಥವರು ಏರುವಾಗ ತಾನಾಗಿ ಶಕ್ತಿ ಹೆಚ್ಚಿಸಿ ಇಳಿಯುವಾಗ ತಗ್ಗಿಸುವ ಟೈಮರ್ ರೂಪಿಸಿದ್ದಾರೆ. ಗಾಳಿಯಿಲ್ಲದ ದಿನ ಅಂಥ ವಿಮಾನದ ಡಮರು ನೋಡಿದರೆ ನಾನು ಇಲ್ಲಿ ಬರೆದದ್ದೆಲ್ಲ ಅತಿಶಯ ಅನ್ನಿಸಬಹುದು. ಆದರೆ ಟೈಮರು ವೇಗ ಉಳಿಸಿಕೊಡುತ್ತದೆ. ತಂತಿಯ ಗುಂಟ ಬೀಳುವ ತೂಕವನ್ನು ಅದು ತೆಗೆಯಲಾರದು, ಬುಗುರಿಯನ್ನು ಅಲುಗಿಸಲಾರದು. ಇಳಿಜಾರನ್ನು ಕಡಿಮೆ ಮಾಡಿದೆ, ಗುಡ್ಡ ಇದ್ದಲ್ಲೇ ಇದೆ.

ಇನ್ನೊಂದು ಪಕ್ಷ ಗೆಲ್ಲುವವರದು. ಯಾವ ಆಕಾರವೂ ಕಷ್ಟವಲ್ಲ, ಎಲ್ಲದರ ತಳವನ್ನೂ ಪ್ರತಿ ಸಲ ಅದೇ ಒಂದೂವರೆ ಮೀಟರಿನಲ್ಲಿ ಮುಗಿಸುವುದೇ ಕಷ್ಟ ಅನ್ನುತ್ತಾರೆ ಅವರು. 1970ರಲ್ಲಿ ವಿಶ್ವ ಚಾಂಪಿಯನ್ ಆಗಿ, ಮತ್ತೆ 2004ರಲ್ಲಿ ಅದೇ ಪಟ್ಟ ಗೆದ್ದ ಬಿಲ್ ವೆರ್‌ವೇಜ್‌ನಂಥ ಕೈಗೆ ಬಹುಶಃ ಹಾಗೇ ಇರಬೇಕು. 34 ವರ್ಷದಲ್ಲಿ ಎಂಜಿನ್ ಬದಲಾಯಿತು, ವಿಮಾನ ಬದಲಾಯಿತು, ತಳದ ಎತ್ತರ ಬದಲಾಗಲಿಲ್ಲ. ನನ್ನಂಥವರಿಗೆ ಆ ಮಾತು ಪಟ್ಟಣದ ಶ್ರೀಮಂತ ಹೇಳುವ ಮಿತವ್ಯಯದ ಹಾಗೆ ಕೇಳುತ್ತದೆ.

ಊರಿನ ಧೂಳಿಗೂ ಇದರಲ್ಲಿ ಪಾತ್ರವುಂಟು. ಲೂಪು ಹೊಡೆದಷ್ಟು ಸಲ ಎರಡು ತಂತಿ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಮೂರು ಒಳಲೂಪಿನ ಸುತ್ತನ್ನು ಮೂರು ಹೊರಲೂಪು ಬಿಚ್ಚುತ್ತವೆ, ಒಳಚೌಕದ್ದನ್ನು ಹೊರಚೌಕ ಬಿಚ್ಚುತ್ತದೆ. ಕಸರತ್ತಿನ ಕ್ರಮ ಗೊತ್ತುಮಾಡಿದವರ ಜಾಣತನ ಇದು. ಎರಡು ಸಲ ಬರೆಯುವ ತ್ರಿಕೋನಕ್ಕೆ ಮಾತ್ರ ಜೋಡಿ ಇಲ್ಲ. ಅದರ ಎರಡು ಸುತ್ತು ತಂತಿಯಲ್ಲೇ ಉಳಿದು ಡಮರುವಿನ ತನಕ ಬರುತ್ತವೆ. ತಂತಿ ಶುಚಿಯಾಗಿದ್ದು ಬಿಗಿಯಾಗಿದ್ದರೆ ಎಳೆಗಳು ಒಂದರ ಮೇಲೊಂದು ನುಣ್ಣಗೆ ಜಾರುತ್ತವೆ, ಗೊತ್ತೇ ಆಗುವುದಿಲ್ಲ. ಎಂಜಿನ್ ಉಗುಳಿದ ಹರಳೆಣ್ಣೆ ಮೆತ್ತಿದ ತಂತಿಯನ್ನು ಅಂದೋಲಾದ ಎರಿ ಮಣ್ಣಿನ ಮೇಲೆ ಒಂದು ಸಲ ಎಳೆದು ನೋಡಿ. ಕರಿ ಹಿಟ್ಟಿನಂಥ ಧೂಳು ಎಣ್ಣೆಗೆ ಕೂತು ಅಂಟಾಗುತ್ತದೆ. ಬಿಗಿಯಿರುವಾಗ ಅದು ಕಾಣಿಸಿಕೊಳ್ಳುವುದಿಲ್ಲ. ನೆತ್ತಿಯ ಮೇಲೆ ಒಂದು ಕಿಲೋ ಎಳೆತ ಉಳಿದಾಗ ತಂತಿ ಜಾರಲು ಒಲ್ಲೆ ಅನ್ನುತ್ತದೆ, ಹಿಡಿ ಬಾಗಿಸಿದ ಮೇಲೆ ಬಾಲ ಏಳಲು ಕಣ್ಣುರೆಪ್ಪೆ ಬಡಿದಷ್ಟು ತಡ. ಅಷ್ಟರಲ್ಲಿ ಮೂಲೆ ಜಾಗ ತಪ್ಪಿರುತ್ತದೆ. ನಾನು ಪ್ರತಿ ಹಾರಾಟದ ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ 20 ಮೀಟರ್ ಎರಡು ಸಲ ಒರೆಸುತ್ತಿದ್ದೆ. ಕಾಕಾನ ಮೊಮ್ಮಗ ಆ ಬಟ್ಟೆ ಹಿಡಿದು ನನ್ನ ಹಿಂದೆ ನಡೆಯುತ್ತಿದ್ದ.

ಅವತ್ತು ಕಾಕಾ ಕೇಳಿದಾಗ ನಾನು ಪುಸ್ತಕದ ಉತ್ತರವನ್ನೇ ಕೊಟ್ಟೆ. ಚೌಕದ ಎಂಟು ಅಂದೆ, ಗುಣಕ 18 ಅಂದೆ, ಮಾಡಿಯೂ ತೋರಿಸಿದೆ. ಒಂದು ಮಟ್ಟಿಗೆ ಚೆನ್ನಾಗೇ ಬಂತು. ಅವರು ತಲೆ ಆಡಿಸಲಿಲ್ಲ. ಇಂಧನ ಉಳಿದಿತ್ತು, ಡಮರು, ನೆತ್ತಿಯ ಎಂಟು, ನಾಲ್ಕೆಲೆ ಮುಗಿಸಿ ಇಳಿಸಿದೆ. ಎಂಜಿನ್ ನಿಂತ ಮೇಲಿನ ಮೌನದಲ್ಲಿ ಅವರು ಮೈದಾನದ ನಡುವೆ ಬಂದು, ವಿಮಾನ ನೋಡದೆ ನಾನು ನಿಂತಿದ್ದ ನೆಲ ನೋಡಿದರು.

"ಚೌಕ ಹೊಡಿವಾಗ ನೀ ನಿಂತಲ್ಲೇ ನಿಂತಿದ್ದಿ. ಅದು ನೆತ್ತಿ ಮ್ಯಾಲ ಬಂದಾಗ ಹಿಂದಕ್ಕ ಓಡಿದಿ ನೋಡು."

ತಂತಿ ಸಡಿಲಾದರೆ ಹಿಂದಕ್ಕೆ ಹೆಜ್ಜೆ ಹಾಕಿ ಬಿಗಿ ಮಾಡಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಮಾಡಿದ್ದು ನನಗೇ ನೆನಪಿರಲಿಲ್ಲ. ಕಾಕಾ ಕೋಲಿನ ತುದಿಯಿಂದ ತೋರಿಸಿದರು. ಧೂಳಿನ ನಡುವೆ ಒಂದು ತಟ್ಟೆಯಷ್ಟು ಜಾಗ ತುಳಿದು ಗಟ್ಟಿಯಾಗಿತ್ತು. ಅಲ್ಲಿಂದ ಹಿಂದಕ್ಕೆ ನಾಲ್ಕು ಹಿಮ್ಮಡಿಯ ಗುರುತು, ಕೊನೆಯದು ಒಂದು ಗೇಣು ಉದ್ದಕ್ಕೆ ಜಾರಿತ್ತು.